ಬಟ್ಟೆ ಹೊಲಿಸಿಕೊಂಡವರ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನನ್ನ ಅತ್ತಿಗೆ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷದಿಂದ ಟೈಲರ್ ಆಗಿದ್ದಾರೆ. ಅಲ್ಲಿ ತಯಾರಾಗುವುದೆಲ್ಲ ಯುರೋಪ್ ಮತ್ತು ಅಮೆರಿಕದ ಬ್ರ್ಯಾಂಡ್‌ಗಳ ಬಟ್ಟೆ. ಬಯರ್ (ಬಟ್ಟೆ ಕೊಳ್ಳುವ ಬ್ರ್ಯಾಂಡ್) ಕಡೆಯವರು ಆಡಿಟ್‌ಗೆ, ಅಂದರೆ ತಪಾಸಣೆಗೆ, ಬರುವ ಮುನ್ನ ಏನು ಹೇಳಬೇಕೆಂದು ಸೂಪರ್‌ವೈಸರ್ ಹೇಳಿಕೊಡುತ್ತಾರಂತೆ. ಓಟಿ ಹಣ ಸರಿಯಾಗಿ ಬರುವುದಿಲ್ಲ, ಟಾರ್ಗೆಟ್ ಮುಗಿಯದಿದ್ದರೆ ಬೈಗುಳ ತಪ್ಪುವುದಿಲ್ಲ. ಈಗ ಕಾರ್ಖಾನೆಯನ್ನೇ ಬೇರೆಡೆಗೆ ಸಾಗಿಸುತ್ತಾರೆಂಬ ಸುದ್ದಿ ಹಬ್ಬಿದೆ. ಇದಕ್ಕೆಲ್ಲ ಆ ವಿದೇಶಿ ಕಂಪನಿಗಳು ಕಾನೂನಿನ ಪ್ರಕಾರ ಹೊಣೆಗಾರರಲ್ಲವೇ? ಅವರ ಬಟ್ಟೆ ಕೊಳ್ಳುವುದನ್ನು ನಾವು ನಿಲ್ಲಿಸಿದರೆ ಪ್ರಯೋಜನವಾದೀತೇ?
– ಒಬ್ಬ ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಕಾನೂನಿನ ಅಕ್ಷರವನ್ನಷ್ಟೇ ಹಿಡಿದು ಹೇಳುವುದಾದರೆ ಉತ್ತರ ಚಿಕ್ಕದು. ನಮ್ಮ ಕಾರ್ಮಿಕ ಕಾಯ್ದೆಗಳ ದೃಷ್ಟಿಯಲ್ಲಿ ನಿಮ್ಮ ಅತ್ತಿಗೆಯವರ ಮಾಲೀಕರೆಂದರೆ ಕಾರ್ಖಾನೆಯನ್ನು ನಡೆಸುತ್ತಿರುವ ಸಂಸ್ಥೆ ಮಾತ್ರ. ಹಾಜರಿ, ಸಂಬಳ, ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಎಲ್ಲವೂ ಆ ಸಂಸ್ಥೆಯ ಹೆಸರಿನಲ್ಲಿವೆ. ಹೊರದೇಶದ ಬ್ರ್ಯಾಂಡ್ ಆ ಸಂಸ್ಥೆಯಿಂದ ಸಿದ್ಧ ಉಡುಪು ಕೊಳ್ಳುವ ಗಿರಾಕಿ; ಅದಕ್ಕೂ ಹೊಲಿಯುವ ಹೆಣ್ಣುಮಗಳಿಗೂ ನಡುವೆ ಯಾವ ಕರಾರೂ ಇಲ್ಲ. ಮಂಡ್ಯದ ಕಾರ್ಮಿಕ ಅಧಿಕಾರಿಯ ಮುಂದೆ ಅದನ್ನು ಮಾಲೀಕನೆಂದು ತಂದು ನಿಲ್ಲಿಸುವುದಕ್ಕೆ ಈ ಹೊತ್ತಿಗೆ ದಾರಿಯಿಲ್ಲ. ಆದರೆ ‘ಕರಾರಿಲ್ಲ, ಆದ್ದರಿಂದ ಹೊಣೆಯೂ ಇಲ್ಲ’ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಒಂದು ಅಂಗಿಯ ಬೆಲೆಯನ್ನೂ ಅದು ಹಡಗು ಹತ್ತಬೇಕಾದ ದಿನವನ್ನೂ ಯಾರು ನಿಗದಿಪಡಿಸುತ್ತಾರೋ, ಅದನ್ನು ಹೊಲಿಯುವವರ ದುಡಿಮೆ ಹೇಗಿರಬೇಕೆಂಬುದರ ದೊಡ್ಡ ಪಾಲನ್ನೂ ಅವರೇ ನಿಗದಿಪಡಿಸಿರುತ್ತಾರೆ. ಹಾಗಾಗಿ ಹೊಣೆ ಇದ್ದೇ ಇದೆ. ಆ ಹೊಣೆ ಬ್ರ್ಯಾಂಡ್‌ಗಳ ಸದುದ್ದೇಶದ ಘೋಷಣೆಗಳಿಂದ ಫಲ ಕೊಟ್ಟದ್ದು ಅಪರೂಪ. ಕಾರ್ಮಿಕರ ಸಂಘವೂ ಸಹಿ ಹಾಕಿದ, ಮುರಿದರೆ ಪರಿಣಾಮವಿರುವ ಬರಹಕ್ಕೆ ಅದು ಇಳಿದ ಕಡೆಗಳಲ್ಲಿ ಫಲ ಕೊಟ್ಟಿದೆ.

ಬೆಲೆ ಹೇಗೆ ದುಡಿಮೆಯನ್ನು ತೀರ್ಮಾನಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ರಫ್ತು ಕಾರ್ಖಾನೆಗೆ ಆರ್ಡರ್ ಬರುವಾಗ ಬೆಲೆ ಸಾಮಾನ್ಯವಾಗಿ ಎಫ್‌ಒಬಿ ಲೆಕ್ಕದಲ್ಲಿರುತ್ತದೆ, ಅಂದರೆ ಸರಕು ಬಂದರಿನಲ್ಲಿ ಹಡಗು ಹತ್ತುವವರೆಗಿನ ಎಲ್ಲ ಖರ್ಚೂ ಅದರೊಳಗೆ ಸೇರಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಬಟ್ಟೆಗೇ ಹೋಗುತ್ತದೆ. ಅನೇಕ ವೇಳೆ ಬಟ್ಟೆಯನ್ನು ಯಾವ ಮಿಲ್ಲಿನಿಂದ, ಗುಂಡಿ ಜಿಪ್ಪುಗಳನ್ನು ಯಾವ ಕಂಪನಿಯಿಂದ ತರಿಸಬೇಕೆಂಬುದನ್ನೂ ಬಯರ್ ಹೇಳಿರುತ್ತಾರೆ. ಕರೆಂಟು, ಸಾಗಣೆ, ಬ್ಯಾಂಕಿನ ಬಡ್ಡಿ ಇವುಗಳ ಮೇಲೆ ಕಾರ್ಖಾನೆಯವರಿಗೆ ಹಿಡಿತವಿಲ್ಲ. ಬಯರ್ ಮುಂದಿನ ಹಂಗಾಮಿಗೆ ಬೆಲೆ ಇಳಿಸಿ ಎಂದಾಗ ಹಿಂಡುವುದಕ್ಕೆ ಉಳಿಯುವುದು ಹೊಲಿಗೆಯ ನಿಮಿಷಗಳು ಮಾತ್ರ. ಕಾರ್ಖಾನೆಯ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಕಾಲರ್, ಕಫ್, ತೋಳು, ಅಂಚು ಎಂದು ಒಂದೊಂದು ಕೆಲಸಕ್ಕೂ ಇಷ್ಟು ಸೆಕೆಂಡು ಎಂದು ಅಳೆದು, ಅದರ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇಡುತ್ತಾರೆ. ಆ ಅಳತೆಯಿಂದ ಎರಡು ನಿಮಿಷ ಕಿತ್ತರೆ ಲೆಕ್ಕದ ಹಾಳೆಯಲ್ಲಿ ಬೆಲೆ ಸರಿಹೊಂದುತ್ತದೆ. ಲೈನಿನಲ್ಲಿ, ಅಂದರೆ ಹೊಲಿಗೆ ಯಂತ್ರಗಳ ಸಾಲಿನಲ್ಲಿ, ಕುಳಿತವರಿಗೆ ಶೌಚಾಲಯಕ್ಕೆ ಏಳಲೂ ಹಿಂಜರಿಕೆಯಾಗುತ್ತದೆ. ಸೂಪರ್‌ವೈಸರನ ಬೈಗುಳ ಅವನ ನಾಲಿಗೆಯಿಂದ ಬಂದರೂ ಅದರ ಹಿಂದೆ ಈ ಲೆಕ್ಕವಿರುತ್ತದೆ. ಹಾಗೆಂದು ಬೈಗುಳವನ್ನು ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಕಾರ್ಖಾನೆಯದೇ ತಪ್ಪು, ಅದನ್ನು ತಡೆಯುವ ಹೊಣೆಯೂ ಕಾರ್ಖಾನೆಯದೇ.

ದಿನಾಂಕದ ಒತ್ತಡ ಇನ್ನೂ ಕಠಿಣ. ಶಿಪ್‌ಮೆಂಟ್ ತಡವಾದರೆ ಬೆಲೆಯಲ್ಲಿ ಕಡಿತ, ಇಲ್ಲವೇ ಕಾರ್ಖಾನೆಯ ಖರ್ಚಿನಲ್ಲಿ ವಿಮಾನದಲ್ಲಿ ಕಳಿಸಬೇಕೆಂಬ ಷರತ್ತು. ಬಯರ್ ಬಣ್ಣಕ್ಕೋ ಮಾದರಿಗೋ ಒಪ್ಪಿಗೆ ಕೊಡಲು ಎರಡು ವಾರ ತಡಮಾಡಿ, ಹಡಗಿನ ದಿನವನ್ನು ಮಾತ್ರ ಹಾಗೇ ಉಳಿಸಿದರೆ, ಆ ಎರಡು ವಾರವನ್ನು ತುಂಬಿಕೊಡಬೇಕಾದವರು ರಾತ್ರಿ ಬಸ್ಸು ತಪ್ಪಿಸಿಕೊಂಡು ಓಟಿ ಮಾಡುವ ಹೆಂಗಸರು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಈ ಸಂಬಂಧದ ನಿಜಸ್ವರೂಪ ಎಲ್ಲರಿಗೂ ಕಂಡಿತು. ಹಲವು ದೊಡ್ಡ ಬ್ರ್ಯಾಂಡ್‌ಗಳು ಹೊಲಿದು ಮುಗಿಸಿದ್ದ ಸರಕಿಗೂ ಹಣ ಕೊಡಲು ನಿರಾಕರಿಸಿದವು; ಬಾಂಗ್ಲಾದೇಶವೊಂದರಲ್ಲೇ 300 ಕೋಟಿ ಡಾಲರ್‌ಗೂ ಹೆಚ್ಚಿನ ಆರ್ಡರ್‌ಗಳು ರದ್ದಾದವು ಅಥವಾ ನಿಂತುಹೋದವು ಎಂದು ಅಲ್ಲಿನ ಉಡುಪು ರಫ್ತುದಾರರ ಸಂಘ ಲೆಕ್ಕ ಕೊಟ್ಟಿತು. ಆ ನಷ್ಟ ಕೊನೆಗೆ ಬಂದು ಕೂತದ್ದು ಸಂಬಳದ ಚೀಟಿಯ ಮೇಲೆ.

ಕೊಳ್ಳುವವನ ಮೇಲೆ ಹೊಣೆ ಹೊರಿಸುವುದು ಕಾನೂನಿಗೆ ಒಗ್ಗದ ವಿಚಾರವೆಂದು ಕೆಲವರು ವಾದಿಸುತ್ತಾರೆ. ಮಂಡ್ಯದವರಿಗೆ ಈ ವಾದ ಹಿಡಿಸಬಾರದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪಡೆದ ಸಕ್ಕರೆ ಕಾರ್ಖಾನೆ 14 ದಿನಗಳೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಕಬ್ಬಿಗೆ ಕನಿಷ್ಠ ಬೆಲೆಯನ್ನೂ ಸರ್ಕಾರವೇ ಗೊತ್ತುಪಡಿಸುತ್ತದೆ. ಬಲವಾದ ಖರೀದಿದಾರ ಮತ್ತು ಬಲವಿಲ್ಲದ ಮಾರಾಟಗಾರ ಎದುರುಬದುರಾದಾಗ ಬರೀ ಕರಾರನ್ನು ನಂಬಿದರೆ ನ್ಯಾಯ ಸಿಗುವುದಿಲ್ಲ ಎಂಬ ತಿಳಿವಳಿಕೆಯಿಂದಲೇ ಈ ನಿಯಮ ಹುಟ್ಟಿತು. ಅದು ಪಾಲನೆಯಾಗಲು ರೈತರು ಎಷ್ಟು ಸಲ ಹೆದ್ದಾರಿಗೆ ಇಳಿಯಬೇಕಾಯಿತೆಂಬುದು ನಿಮಗೆ ಗೊತ್ತೇ ಇದೆ, ಆದರೂ ಬೇಡಿಕೆಗೆ ಆಧಾರವಾಗಿ ಒಂದು ನಿಯಮವಾದರೂ ಇತ್ತು. ಕಾರ್ಮಿಕ ಕಾನೂನಿನಲ್ಲೂ ಇಂಥದೇ ತತ್ವವಿದೆ: 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಡಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕಿತ್ತು, 2025ರಲ್ಲಿ ಅದರ ಬದಲಿಗೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ದೇಶದೊಳಗೆ ಒಪ್ಪಿಕೊಂಡ ಈ ತತ್ವ ಗಡಿ ದಾಟುವುದಿಲ್ಲ ಎಂಬುದಷ್ಟೇ ಇಲ್ಲಿನ ತೊಡಕು.

ಗಡಿಯಾಚೆಯ ಖರೀದಿದಾರನನ್ನು ಮಾತಿಗೆ ಎಳೆಯುವುದು ಸಾಧ್ಯವೇ ಎಂದು ಕೇಳುವವರು ಶ್ರೀರಂಗಪಟ್ಟಣದಲ್ಲಿ ನಡೆದದ್ದನ್ನು ನೆನೆಯಬೇಕು. 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಅಲ್ಲಿನ ಯೂರೋ ಕ್ಲೋದಿಂಗ್ ಘಟಕದಿಂದ ಯಂತ್ರಗಳನ್ನು ಸಾಗಿಸಿ, ಆರ್ಡರ್ ಇಲ್ಲವೆಂಬ ಕಾರಣ ಕೊಟ್ಟು 1,200ಕ್ಕೂ ಹೆಚ್ಚು ಕಾರ್ಮಿಕರಿಗೆ ಲೇಆಫ್ ಹೇಳಲಾಯಿತು. ಅವರಲ್ಲಿ ಹೆಚ್ಚಿನವರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಸದಸ್ಯರು. ಸಂಘ ಬಲವಾಗಿರುವ ಘಟಕವನ್ನೇ ಆರಿಸಿ ಮುಚ್ಚಲಾಗುತ್ತಿದೆ, ಕಾಯ್ದೆ ಬೇಡುವ ಮುನ್ನನುಮತಿಯನ್ನೂ ಪಡೆದಿಲ್ಲ ಎಂಬುದು ಸಂಘದ ವಾದವಾಗಿತ್ತು. ಹೆಂಗಸರು ಕಾರ್ಖಾನೆಯ ಆವರಣದಲ್ಲೇ ಧರಣಿ ಕೂತರು. ಆ ಘಟಕದಲ್ಲಿ ತಯಾರಾಗುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಯ ಉಡುಪು. ಆ ಕಂಪನಿ ಕಾರ್ಮಿಕ ಸಂಘಗಳ ಜಾಗತಿಕ ಒಕ್ಕೂಟವಾದ ಇಂಡಸ್ಟ್ರಿಆಲ್ ಜೊತೆ 2015ರಲ್ಲೇ ಒಂದು ಒಪ್ಪಂದ ಮಾಡಿಕೊಂಡು, ತನಗೆ ಹೊಲಿದುಕೊಡುವ ಕಾರ್ಖಾನೆಗಳಲ್ಲಿ ಸಂಘ ಕಟ್ಟುವ ಹಕ್ಕಿಗೆ ಬದ್ಧವೆಂದು ಬರೆದುಕೊಟ್ಟಿತ್ತು. ಆ ಬರಹವೇ ಹಿಡಿಕೆಯಾಯಿತು. ಮೊದಮೊದಲು ಇದು ಕಾರ್ಖಾನೆಗೂ ಕಾರ್ಮಿಕರಿಗೂ ಸಂಬಂಧಿಸಿದ ವ್ಯಾಜ್ಯ ಎನ್ನುವಂತಿದ್ದ ಬ್ರ್ಯಾಂಡ್ ಮಾತುಕತೆಯೊಳಗೆ ಬರಲೇಬೇಕಾಯಿತು. 2021ರ ಫೆಬ್ರವರಿಯಲ್ಲಿ, ಕೆಲಸ ಕಳೆದುಕೊಂಡವರಿಗೆ ಸಂಸ್ಥೆಯ ಇತರ ಘಟಕಗಳಲ್ಲಿ ಮರಳಿ ಕೆಲಸ ಕೊಡುವ, ಸಂಘವನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿಯಾಯಿತು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಳೆದವರ ಪಾಲಿಗೆ ಅದು ತಡವಾಗಿ ಬಂದ ನ್ಯಾಯ, ಆದರೆ ಸಂಘವೂ ಬರಹವೂ ಇಲ್ಲದ ಕಾರ್ಖಾನೆಯಲ್ಲಿ ಅಷ್ಟೂ ಬರುತ್ತಿರಲಿಲ್ಲ.

ಇನ್ನು ಆಡಿಟ್. ನಿಮ್ಮ ಅತ್ತಿಗೆ ಹೇಳಿದ್ದು ಒಂದು ಕಾರ್ಖಾನೆಯ ಕಥೆಯಲ್ಲ. ತಪಾಸಣೆಯ ಸಂಸ್ಥೆಗೆ ಹಣ ಕೊಡುವವರು ಕಾರ್ಖಾನೆಯವರು ಅಥವಾ ಬಯರ್. ಬರುವ ದಿನ ಬಹುಪಾಲು ಮೊದಲೇ ತಿಳಿದಿರುತ್ತದೆ. ಕಾರ್ಮಿಕರನ್ನು ಮಾತನಾಡಿಸುವುದು ಕಾರ್ಖಾನೆಯ ಗೋಡೆಯೊಳಗೆ. ಬರೆದ ವರದಿ ಕಾರ್ಮಿಕರ ಕೈಗೆ ಸಿಗುವುದಿಲ್ಲ. ಇಂಥ ಏರ್ಪಾಟಿನಲ್ಲಿ ನಿಜ ಹೊರಬಂದರೆ ಅದು ಆಕಸ್ಮಿಕ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರಗಳ ಮೊದಲು ಆ ಕಾರ್ಖಾನೆಗೆ ದುಡಿಮೆಯ ಸ್ಥಿತಿಗತಿ ಸರಿಯಿದೆ ಎಂದು ಹೇಳುವ ಎಸ್‌ಎ 8000 ಎಂಬ ಹೆಸರುವಾಸಿ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಹಚ್ಚಿದ್ದು ದುಷ್ಕರ್ಮಿಗಳ ಕೃತ್ಯವೆಂದು ಅಲ್ಲಿನ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿತು. ಆದರೆ ಅಷ್ಟೊಂದು ಜನ ಹೊರಬರಲಾಗದೆ ಹೋದದ್ದು ಕಿಟಕಿಗಳಿಗೆ ಸರಳು ಹಾಕಿದ್ದರಿಂದ, ಬಾಗಿಲು ಮುಚ್ಚಿದ್ದರಿಂದ. ಯಾವ ಪ್ರಮಾಣಪತ್ರವಾದರೂ ಮೊದಲು ನೋಡಬೇಕಾಗಿದ್ದುದು ಅದನ್ನೇ ಅಲ್ಲವೇ? ಮುಖ್ಯ ಖರೀದಿದಾರನಾಗಿದ್ದ ಜರ್ಮನಿಯ ಕಿಕ್ ಕಂಪನಿ ಸಂತ್ರಸ್ತರಿಗೆ 51.5 ಲಕ್ಷ ಡಾಲರ್ ಪರಿಹಾರ ಕೊಡಲು 2016ರಲ್ಲಿ ಒಪ್ಪಿತು. ಆದರೆ ಅದರ ಮೇಲೆ ಜರ್ಮನಿಯಲ್ಲಿ ಹೂಡಿದ್ದ ಮೊಕದ್ದಮೆಯನ್ನು ಅವಧಿ ಮೀರಿದೆ ಎಂಬ ಕಾರಣಕ್ಕೆ 2019ರಲ್ಲಿ ತಳ್ಳಿಹಾಕಲಾಯಿತು. ಹೊಣೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವೇ ಸಿಗದೆ ಪ್ರಕರಣ ಮುಗಿಯಿತು.

ಮರುವರ್ಷ, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ಸವಾರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಗೋಡೆಯ ಬಿರುಕು ಹಿಂದಿನ ದಿನವೇ ಕಂಡಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕು ತನ್ನ ನೌಕರರನ್ನು ಹೊರಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಮರುದಿನ ಬೆಳಗ್ಗೆ ಒಳಗೆ ಕರೆಯಲಾಯಿತು. ಆ ಕಟ್ಟಡದ ಘಟಕಗಳಲ್ಲೂ ಖರೀದಿದಾರರ ವ್ಯವಸ್ಥೆಯಡಿ ಆಡಿಟ್ ನಡೆದಿತ್ತು.

ಆ ಸಾವುಗಳ ನಂತರ ಬಂದ ಬಾಂಗ್ಲಾದೇಶ ಅಕಾರ್ಡ್ ಎಂಬ ಸುರಕ್ಷತಾ ಒಪ್ಪಂದ ಈ ಇಡೀ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಏರ್ಪಾಟು. 2013ರ ಮೇ ತಿಂಗಳಲ್ಲಿ ಜಾಗತಿಕ ಕಾರ್ಮಿಕ ಒಕ್ಕೂಟಗಳೂ ಬ್ರ್ಯಾಂಡ್‌ಗಳೂ ಸೇರಿ ಅದಕ್ಕೆ ಸಹಿ ಹಾಕಿದವು. ಬರಬರುತ್ತ ಬ್ರ್ಯಾಂಡ್‌ಗಳ ಸಂಖ್ಯೆ 200 ದಾಟಿತು. ಕಟ್ಟಡ, ವಿದ್ಯುತ್, ಬೆಂಕಿಯ ಸುರಕ್ಷತೆಯನ್ನು ಸ್ವತಂತ್ರ ಎಂಜಿನಿಯರುಗಳು ಪರೀಕ್ಷಿಸಿ ವರದಿಯನ್ನು ಸಾರ್ವಜನಿಕಗೊಳಿಸಬೇಕು. ದುರಸ್ತಿಗೆ ಹಣ ಹೊಂದುವಂತೆ ಬ್ರ್ಯಾಂಡ್ ನೋಡಿಕೊಳ್ಳಬೇಕು. ಅಪಾಯ ಕಂಡರೆ ಕೆಲಸಕ್ಕೆ ಒಲ್ಲೆನೆನ್ನುವ ಹಕ್ಕು ಕಾರ್ಮಿಕರಿಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ರ್ಯಾಂಡ್ ಮಾತಿಗೆ ತಪ್ಪಿದರೆ ಸಂಘಗಳು ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಬಹುದು. ಅವು ಹೋದವು ಕೂಡ: ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದಲ್ಲಿ ನಡೆದ ಪ್ರಕರಣವೊಂದರಲ್ಲಿ ಒಂದು ಬಹುರಾಷ್ಟ್ರೀಯ ಬ್ರ್ಯಾಂಡ್ 2018ರಲ್ಲಿ 23 ಲಕ್ಷ ಡಾಲರ್ ತೆರಲು ಒಪ್ಪಿ ರಾಜಿ ಮಾಡಿಕೊಂಡಿತು. ನಮ್ಮ ನೆರೆಯ ತಮಿಳುನಾಡಿನ ದಿಂಡಿಗಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕ ಯುವತಿಯೊಬ್ಬರ ಕೊಲೆಯ ನಂತರ, ದಲಿತ ಮಹಿಳೆಯರೇ ಮುನ್ನಡೆಸುವ ಒಂದು ಸಂಘ 2022ರಲ್ಲಿ ಕಾರ್ಖಾನೆಯೊಂದಿಗೂ ಬ್ರ್ಯಾಂಡ್‌ನೊಂದಿಗೂ ಲೈಂಗಿಕ ಕಿರುಕುಳ ತಡೆಯುವ ಒಪ್ಪಂದ ಮಾಡಿಕೊಂಡಿತು. ಪ್ರತಿ ಲೈನಿನಲ್ಲೂ ತರಬೇತಿ ಪಡೆದ ಕಾರ್ಮಿಕ ಮಹಿಳೆಯರೇ ನಿಗಾ ಇಡುವ ವ್ಯವಸ್ಥೆ ಅದರಲ್ಲಿತ್ತು. ಮಂಡ್ಯದ ಕಾರ್ಖಾನೆಗಳಿಗೆ ಇಂಥದೊಂದು ಒಪ್ಪಂದ ಬರಬಾರದೆಂದೇನೂ ಇಲ್ಲ. ಇಲ್ಲಿನ ಹೆಣ್ಣುಮಕ್ಕಳು ಅನುಭವಿಸುವುದೂ ಅದೇ ಕಷ್ಟ, ಬಟ್ಟೆ ಹೋಗುವುದೂ ಅದೇ ಅಂಗಡಿಗಳಿಗೆ.

ವಿದೇಶಗಳ ಕಾನೂನೂ ನಿಧಾನವಾಗಿ ಈ ಕಡೆ ಸರಿದಿದೆ. ವಿಶ್ವಸಂಸ್ಥೆ 2011ರಲ್ಲಿ ಅಂಗೀಕರಿಸಿದ ಮಾರ್ಗದರ್ಶಿ ತತ್ವಗಳು ಹಕ್ಕುಗಳನ್ನು ಕಾಪಾಡುವ ಕರ್ತವ್ಯ ಸರ್ಕಾರದ್ದು, ಪೂರೈಕೆಯ ಸರಪಳಿಯಲ್ಲೂ ಅವನ್ನು ಗೌರವಿಸುವ ಹೊಣೆ ಕಂಪನಿಯದು ಎಂದು ಹೇಳುತ್ತವೆ, ಆದರೆ ಅವುಗಳಿಗೆ ಕಾಯ್ದೆಯ ಬಲವಿಲ್ಲ. ಫ್ರಾನ್ಸ್ 2017ರಲ್ಲಿ ಕಂಪನಿಗಳ ಈ ಹೊಣೆಯನ್ನು ಕಾಯ್ದೆಯಾಗಿಸಿತು. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿಯಿಂದ ಜಾರಿಗೆ ಬಂದಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಇಂಥದೇ ನಿರ್ದೇಶನವನ್ನು ಅಂಗೀಕರಿಸಿತಾದರೂ, ಉದ್ಯಮಗಳ ಒತ್ತಡದಿಂದ ಅದರ ಅನ್ವಯವನ್ನು ಮುಂದೂಡುವ, ವ್ಯಾಪ್ತಿಯನ್ನು ಕುಗ್ಗಿಸುವ ಕೆಲಸ 2025ರಲ್ಲೇ ಶುರುವಾಯಿತು. ನನಗೆ ಇದು ಬಹಳ ಬೇಸರದ ಸಂಗತಿ. ಹತ್ತಾರು ವರ್ಷಗಳ ಒತ್ತಾಯದಿಂದ ಬಂದ ನಿಯಮ ಒಬ್ಬ ಕಾರ್ಮಿಕಳ ಕೈಗೂ ತಲುಪುವ ಮುನ್ನವೇ ಸಡಿಲವಾಗತೊಡಗಿದೆ.

ಹೊರಗಿನವರ ಹೊಣೆಯ ಬಗ್ಗೆ ಮಾತನಾಡುವಾಗ ನಮ್ಮ ಸರ್ಕಾರದ ಹೊಣೆ ಮರೆಯಾಗಬಾರದು. 2020ರ ಏಪ್ರಿಲ್‌ನಿಂದ ಕರ್ನಾಟಕದ ಕಾರ್ಮಿಕರಿಗೆ ಸಲ್ಲಬೇಕಿದ್ದ ತುಟ್ಟಿಭತ್ಯೆಯ ಹೆಚ್ಚಳ ತಿಂಗಳಿಗೆ 417 ರೂಪಾಯಿ 60 ಪೈಸೆ. ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಆ ಮುಂದೂಡಿಕೆಗೆ ತಡೆ ನೀಡಿದ ಮೇಲೂ ಅನೇಕ ರಫ್ತು ಕಾರ್ಖಾನೆಗಳು ಹಣ ಕೊಡಲಿಲ್ಲ. ಕಾರ್ಮಿಕ ಸಂಘಗಳ ಜೊತೆಗೆ ವಿದೇಶಿ ಹಕ್ಕು ಸಂಸ್ಥೆಯೊಂದು ಬ್ರ್ಯಾಂಡ್‌ಗಳ ಮೇಲೆ ಒತ್ತಡ ತಂದ ನಂತರವೇ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು. ನಮ್ಮದೇ ನ್ಯಾಯಾಲಯ ಹೇಳಿದ್ದನ್ನು ಪಾಲಿಸಲು ಹೊರಗಿನ ಗಿರಾಕಿ ಗದರಬೇಕಾಯಿತು. ಖರೀದಿದಾರನ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೂ ಇದು ಸಾಕ್ಷಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾದಾಗ, ತಪ್ಪು ಸರಿಪಡಿಸುವವರೆಗೆ ಹೊಸ ಆರ್ಡರ್ ಇಲ್ಲವೆಂದು ಆಪಲ್ ಒಂದೇ ವಾರದಲ್ಲಿ ಹೇಳಿತು. ಇಷ್ಟು ಬಲವಿರುವವರು ‘ನಾವು ಬರೀ ಗಿರಾಕಿಗಳು’ ಎಂದರೆ ನಂಬುವುದು ಕಷ್ಟ.

ಬಟ್ಟೆ ಕೊಳ್ಳುವುದನ್ನು ನಿಲ್ಲಿಸುವ ಬಗ್ಗೆ ಕೇಳಿದ್ದೀರಿ. ಕಾರ್ಮಿಕರೇ ಕರೆ ಕೊಡದ ಬಹಿಷ್ಕಾರವನ್ನು ನಾನು ಬೆಂಬಲಿಸುವುದಿಲ್ಲ. ಆರ್ಡರ್ ಕಡಿಮೆಯಾದರೆ ಮೊದಲು ಖಾಲಿಯಾಗುವುದು ನಿಮ್ಮ ಅತ್ತಿಗೆಯ ಲೈನು, ಕೆಲಸ ಹೋಗುವುದು ಇನ್ನೂ ಕಡಿಮೆ ಕೂಲಿಯ ಊರಿಗೆ. ಕೊಳ್ಳುವವರ ಧ್ವನಿಗೆ ಬೆಲೆಯಿರುವುದು ಕಾರ್ಖಾನೆಯಲ್ಲಿ ವ್ಯಾಜ್ಯ ನಡೆಯುತ್ತಿರುವಾಗ, ಅಲ್ಲಿನ ಸಂಘ ಕೇಳುತ್ತಿರುವುದನ್ನೇ ಬ್ರ್ಯಾಂಡ್‌ಗೆ ಬರೆದು ಕೇಳಿದಾಗ.

ಈಗ ಮನೆಯಲ್ಲಿ ಮಾಡಬೇಕಾದದ್ದು. ಯಾವ ಬ್ರ್ಯಾಂಡ್‌ನ ಲೇಬಲ್ ಹೊಲಿಯುತ್ತಿದ್ದಾರೆ ಎಂಬುದನ್ನು ಅತ್ತಿಗೆಯವರು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಲಿ. ಅನೇಕ ಬ್ರ್ಯಾಂಡ್‌ಗಳು ತಮ್ಮ ಕಾರ್ಖಾನೆಗಳ ಪಟ್ಟಿಯನ್ನು ಪ್ರಕಟಿಸುತ್ತವೆ, ಓಪನ್ ಸಪ್ಲೈ ಹಬ್ ಎಂಬ ಜಾಲತಾಣದಲ್ಲಿ ಊರಿನ ಹೆಸರಿನಿಂದಲೂ ಹುಡುಕಬಹುದು. ಓಟಿಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕೆಂಬುದು ಕಾಯ್ದೆ. ಒಳಗೆ ಹೋದ, ಹೊರಬಂದ ವೇಳೆಯನ್ನು ತಮ್ಮದೇ ಪುಸ್ತಕದಲ್ಲಿ ಗುರುತಿಸಿ, ಸಂಬಳದ ಚೀಟಿಗಳನ್ನು ಜೋಪಾನವಾಗಿಟ್ಟು, ವ್ಯತ್ಯಾಸವಿದ್ದರೆ ಕಾರ್ಮಿಕ ಇಲಾಖೆಗೂ ಕಾರ್ಖಾನೆಗಳ ಇಲಾಖೆಗೂ ಲಿಖಿತವಾಗಿ ದೂರು ಕೊಡಬೇಕು. ಬೈಗುಳ ಲೈಂಗಿಕ ಸ್ವರೂಪದ್ದಾಗಿದ್ದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಕಾರ್ಖಾನೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು. ಬ್ರ್ಯಾಂಡ್ ಜರ್ಮನಿಯದಾದರೆ ಅಲ್ಲಿನ ಕಾಯ್ದೆಯನ್ನು ನೋಡಿಕೊಳ್ಳುವ ಬಾಫಾ ಎಂಬ ಸರ್ಕಾರಿ ಕಚೇರಿಗೆ ದೂರು ಕಳಿಸಬಹುದು. ಯುರೋಪಿನ ಹೆಚ್ಚಿನ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ) ಬಹುರಾಷ್ಟ್ರೀಯ ಕಂಪನಿಗಳಿಗೆ ಕೊಟ್ಟಿರುವ ಮಾರ್ಗಸೂಚಿಯ ದೂರು ಕೇಳುವ ಕಚೇರಿಗಳಿವೆ. ಇವು ಒಬ್ಬರೇ ಮಾಡುವ ಕೆಲಸಗಳಲ್ಲ. ಸಂಘದ ಮೂಲಕ ಹೋದರೆ ದೂರಿಗೂ ತೂಕ, ದೂರು ಕೊಟ್ಟವರಿಗೂ ರಕ್ಷಣೆ.

ಕಾರ್ಖಾನೆ ಸಾಗಿಸುವ ಸುದ್ದಿಯ ಬಗ್ಗೆ ಮಾತ್ರ ತಡಮಾಡಬೇಡಿ. ಹಿಂದೆ 100 ಜನ ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಮುನ್ನನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿದೆ. ಅದಕ್ಕಿಂತ ಚಿಕ್ಕದಾದರೂ 50 ಜನರಿರುವ ಕಾರ್ಖಾನೆ 60 ದಿನ ಮೊದಲೇ ಸರ್ಕಾರಕ್ಕೆ ನೋಟಿಸ್ ಕೊಡಬೇಕು. ಮುಚ್ಚಿದರೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಬರಬೇಕು. ಅದಲ್ಲದೆ ಗ್ರಾಚ್ಯುಟಿ ಬೇರೆ. ಎಂಟು ವರ್ಷ ದುಡಿದ ನಿಮ್ಮ ಅತ್ತಿಗೆಗೆ ಪರಿಹಾರವೇ 120 ದಿನದ ವೇತನವಾಗುತ್ತದೆ. ಇದನ್ನು ತಪ್ಪಿಸಲು ಕಾರ್ಖಾನೆಗಳು ಹಿಡಿಯುವ ದಾರಿ ಸಾಮಾನ್ಯವಾಗಿ ಒಂದೇ: ‘ಸೆಟಲ್‌ಮೆಂಟ್ ಬೇಗ ಆಗುತ್ತದೆ, ಇಲ್ಲಿ ಸಹಿ ಹಾಕಿ’ ಎಂದು ರಾಜೀನಾಮೆ ಬರೆಸಿಕೊಳ್ಳುವುದು. ತಾವಾಗಿ ಕೆಲಸ ಬಿಟ್ಟವರಿಗೆ ಮುಚ್ಚುವಿಕೆಯ ಪರಿಹಾರ ಸಿಗುವುದಿಲ್ಲ. ಓದಿ ಅರ್ಥವಾಗದ ಯಾವ ಕಾಗದಕ್ಕೂ, ಅದು ಇಂಗ್ಲಿಷಿನಲ್ಲಿದ್ದರಂತೂ, ಸಂಘದವರಿಗೋ ವಕೀಲರಿಗೋ ತೋರಿಸದೆ ಸಹಿ ಹಾಕಬಾರದೆಂದು ಅವರಿಗೂ ಅವರ ಲೈನಿನಲ್ಲಿರುವ ಉಳಿದವರಿಗೂ ಇವತ್ತೇ ತಿಳಿಸಿ.